ಪ್ರೋಗ್ರಾಂ ನಿಲ್ಲುತ್ತದೆಯೇ ಎಂದು ತೀರ್ಮಾನಿಸುವ ಬಗೆ

ಒಂದು ಪ್ರೋಗ್ರಾಂ ಓಡಿ ಮುಗಿಯುತ್ತದೆಯೋ ಕೊನೆಯಿಲ್ಲದೆ ಸುತ್ತುತ್ತಲೇ ಇರುತ್ತದೆಯೋ ಎಂಬುದನ್ನು ಓಡಿಸಿ ತಿಳಿಯಲು ಹೊರಟರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ನಿಂತರೆ ಸಂಶಯವಿಲ್ಲ; ಒಂದು ಗಂಟೆಯಾದರೂ ನಿಲ್ಲದಿದ್ದರೆ, ಮರುಕ್ಷಣವೇ ನಿಲ್ಲಲಿದೆಯೋ ಎಂದೆಂದಿಗೂ ನಿಲ್ಲದೋ ಹೇಳಲಾಗದು. ಆದ್ದರಿಂದ ಕೋಡನ್ನು ಓದಿಯೇ ತೀರ್ಮಾನಿಸುವುದನ್ನು ಕಲಿಯಬೇಕು.

ಅದಕ್ಕೂ ಮೊದಲು, ಎಲ್ಲ ಪ್ರೋಗ್ರಾಂಗಳಿಗೂ ಈ ತೀರ್ಮಾನ ಹೇಳುವ ಒಂದೇ ಪ್ರೋಗ್ರಾಂ ಏಕೆ ಇರಲಾರದು ಎಂಬುದನ್ನು ಕಾಗದದ ಮೇಲೆ ನೀವೇ ಬರೆದು ನೋಡಿ. ‘ನಿಲ್ಲುವುದೇ’ ಎಂಬ ಫಂಕ್ಷನ್ ಇದೆಯೆಂದು ಭಾವಿಸಿ; ಯಾವುದೇ ಪ್ರೋಗ್ರಾಮಿನ ಕೋಡನ್ನೂ ಇನ್‌ಪುಟ್ಟನ್ನೂ ಕೊಟ್ಟರೆ ಅದು ‘ಹೌದು’ ಅಥವಾ ‘ಇಲ್ಲ’ ಎಂದು ತಪ್ಪದೆ ಉತ್ತರಿಸುತ್ತದೆ. ಈಗ ‘ತಿರುಗುಮುರುಗು’ ಎಂಬ ಇನ್ನೊಂದನ್ನು ಬರೆಯಿರಿ. ಅದು ಒಂದು ಕೋಡನ್ನು ಪಡೆದು, ಆ ಕೋಡಿಗೆ ಅದನ್ನೇ ಇನ್‌ಪುಟ್ಟಾಗಿ ಕೊಟ್ಟರೆ ಏನಾಗುತ್ತದೆಂದು ‘ನಿಲ್ಲುವುದೇ’ಯನ್ನು ಕೇಳಲಿ, ‘ಹೌದು’ ಎಂಬ ಉತ್ತರ ಬಂದರೆ ಕೊನೆಯಿಲ್ಲದ ಲೂಪಿಗೆ (ಅದೇ ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡುವ ಸುತ್ತಿಗೆ) ಬೀಳಲಿ, ‘ಇಲ್ಲ’ ಎಂದು ಬಂದರೆ ಕೂಡಲೇ ನಿಲ್ಲಲಿ. ಕೊನೆಗೆ ‘ತಿರುಗುಮುರುಗು’ವಿಗೆ ಅದರದೇ ಕೋಡನ್ನು ಕೊಡಿ. ನಿಲ್ಲುತ್ತದೆ ಎಂಬ ಉತ್ತರ ಬಂದರೆ ಅದು ನಿಲ್ಲುವುದಿಲ್ಲ, ನಿಲ್ಲುವುದಿಲ್ಲ ಎಂದು ಬಂದರೆ ನಿಲ್ಲುತ್ತದೆ. ಎಂದರೆ ‘ನಿಲ್ಲುವುದೇ’ಯ ಉತ್ತರ ಏನೇ ಆಗಿದ್ದರೂ ತಪ್ಪು. ಇದೊಂದು ಕಿಡಿಗೇಡಿ ಪ್ರೋಗ್ರಾಮನ್ನು ಮಾತ್ರ ಹೊರಗಿಟ್ಟರಾಯಿತಲ್ಲ ಎಂದು ಮೊದಲ ಸಲ ಓದುವವರಿಗೆಲ್ಲ ಅನ್ನಿಸುತ್ತದೆ. ಆದರೆ ಹಾಗೆ ತಿದ್ದಿದ ‘ನಿಲ್ಲುವುದೇ’ಯೂ ಒಂದು ಫಂಕ್ಷನ್ನೇ ಆಗಿರುವುದರಿಂದ, ಅದನ್ನು ಬಳಸಿ ಹೊಸದೊಂದು ‘ತಿರುಗುಮುರುಗು’ವನ್ನು ಕಟ್ಟಬಹುದು. ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ, ಟೇಪಿನ ಮೇಲೆ ಚಿಹ್ನೆಗಳನ್ನು ಓದಿ ಬರೆಯುವ ತನ್ನ ಕಾಲ್ಪನಿಕ ಯಂತ್ರಗಳ ಬಗ್ಗೆ ತೋರಿಸಿಕೊಟ್ಟ ಅಸಾಧ್ಯತೆಯ ತಿರುಳೂ ಇದೇ ಬಗೆಯದು.

ಈ ವಾದ ಹೇಳುವುದೆಷ್ಟು ಎಂಬುದನ್ನು ಅಳೆದು ತಿಳಿಯಬೇಕು. ಎಲ್ಲಕ್ಕೂ ಸಲ್ಲುವ ಒಂದು ವಿಧಾನವಿಲ್ಲ ಎಂದಷ್ಟೇ ಅದು ಹೇಳುತ್ತದೆ; ನಿಮ್ಮ ಮುಂದಿರುವ ಪ್ರೋಗ್ರಾಮಿನ ಬಗ್ಗೆ ಏನೂ ತಿಳಿಯಲಾಗದು ಎಂದಲ್ಲ.

ಆ ಒಂದು ಪ್ರೋಗ್ರಾಮಿಗೆ ಮಾಡಬೇಕಾದ ಮುಖ್ಯ ಕೆಲಸವೆಂದರೆ, ಲೂಪಿನ ಪ್ರತಿ ಸುತ್ತಿನಲ್ಲೂ ಇಳಿಯುವ, ಆದರೆ ಸೊನ್ನೆಗಿಂತ ಕೆಳಗೆ ಹೋಗಲಾರದ ಒಂದು ಪೂರ್ಣಾಂಕವನ್ನು ಹುಡುಕುವುದು. ಅಂಥ ಸಂಖ್ಯೆ ಕೊನೆಯಿಲ್ಲದೆ ಇಳಿಯಲಾರದಾದ್ದರಿಂದ ಲೂಪ್ ನಿಲ್ಲಲೇಬೇಕು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ಹುಡುಕುವ ಯೂಕ್ಲಿಡನ ಕ್ರಮದಲ್ಲಿ 48, 18 ಎಂಬ ಜೋಡಿ 18, 12 ಆಗಿ, 12, 6 ಆಗಿ, 6, 0 ಆಗಿ ನಿಲ್ಲುತ್ತದೆ. ಶೇಷವು ಭಾಜಕಕ್ಕಿಂತ ಯಾವಾಗಲೂ ಚಿಕ್ಕದಾಗಿರುವುದರಿಂದ, ಎರಡನೆಯ ಸಂಖ್ಯೆಯೇ ಇಲ್ಲಿ ಬೇಕಾದ ಅಳತೆ. ‘ಪೂರ್ಣಾಂಕ’ ಎಂಬ ಷರತ್ತನ್ನು ಬಿಡುವಂತಿಲ್ಲ: ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತಲೇ ಹೋದರೂ ಭಿನ್ನರಾಶಿ ಸೊನ್ನೆಯನ್ನು ಮುಟ್ಟುವುದಿಲ್ಲ.

ಅಳತೆಯ ಹುಡುಕಾಟ ದೋಷವನ್ನೂ ಹಿಡಿದುಕೊಡುತ್ತದೆ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತ ಬೆಲೆಯೊಂದನ್ನು ಹುಡುಕುವ ಬೈನರಿ ಸರ್ಚ್‌ನಲ್ಲಿ ಮೇಲಿನ ಎಲ್ಲೆ ಮತ್ತು ಕೆಳಗಿನ ಎಲ್ಲೆಗಳ ಅಂತರವೇ ಸಹಜವಾದ ಅಳತೆ. ಕೆಳಗಿನ ಎಲ್ಲೆಯನ್ನು ನಡುಬಿಂದುವಿಗೆ ಒಂದು ಕೂಡಿಸಿ ಸರಿಸುವ ಬದಲು ನಡುಬಿಂದುವಿಗೇ ತಂದಿದ್ದರೆ, ಎಲ್ಲೆಗಳು 3 ಮತ್ತು 4 ಆದಾಗ ನಡುಬಿಂದು ಮತ್ತೆ 3 ಆಗುತ್ತದೆ. ಅಂತರ ಇಳಿಯದು, ಹುಡುಕುವ ಬೆಲೆ ಬಲಗಡೆಗಿದ್ದರೆ ಲೂಪ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೂರು ಪರೀಕ್ಷೆಗಳಲ್ಲಿ ಪಾಸಾದ ಕೋಡಿನಲ್ಲೂ ಇಂಥದ್ದು ಅಡಗಿರಬಹುದು.

ಅಳತೆ ಸಿಗದಿದ್ದರೆ ಪ್ರೋಗ್ರಾಂ ನಿಲ್ಲುವುದಿಲ್ಲ ಎಂದು ಬರೆದುಬಿಡಬಾರದು. ಸಮಸಂಖ್ಯೆಯಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ, ಒಂದು ಬಂದಾಗ ನಿಲ್ಲಿಸಿ ಎಂಬ ಕೊಲಾಟ್ಜ್ ಲೂಪಿನಲ್ಲಿ 27 ಎಂಬ ಸಂಖ್ಯೆ 9232ರವರೆಗೆ ಏರಿ, 111 ಹೆಜ್ಜೆಗಳ ಬಳಿಕ ಒಂದಕ್ಕೆ ಇಳಿಯುತ್ತದೆ. ಎಲ್ಲ ಧನ ಪೂರ್ಣಾಂಕಗಳಿಗೂ ಹೀಗೆಯೇ ಆಗುತ್ತದೆಂದು ಇನ್ನೂ ಯಾರೂ ಸಾಧಿಸಿಲ್ಲ.

ಇದನ್ನೆಲ್ಲ ಮಾಡುವ ಉಪಕರಣವನ್ನೇ ಬರೆಯಹೊರಟವರು ‘ಹೌದು’, ‘ಇಲ್ಲ’ಗಳ ಜೊತೆಗೆ ‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರಕ್ಕೂ ಜಾಗವಿಡಬೇಕು. ಅಳತೆ ಸಿಕ್ಕರೆ ‘ಹೌದು’. ಹೊರಗಿನಿಂದ ಹೊಸ ಇನ್‌ಪುಟ್ ಪಡೆಯದ ಪ್ರೋಗ್ರಾಂ ಒಮ್ಮೆ ಇದ್ದ ಸ್ಥಿತಿಗೇ, ಎಲ್ಲ ಚರಗಳ ಬೆಲೆಗಳೂ ಸೇರಿ, ಮರಳಿ ಬಂದರೆ ‘ಇಲ್ಲ’. ಮೆಮೊರಿಗೆ ಮಿತಿಯಿದ್ದರೆ ಈ ಎರಡನೆಯ ಪರೀಕ್ಷೆ ತಾತ್ತ್ವಿಕವಾಗಿ ಎಂದೂ ಸೋಲದು. ಆದರೆ ಬರೇ 300 ಬಿಟ್‌ಗಳಿಗೆ 2ರ 300ನೆಯ ಘಾತದಷ್ಟು ಸ್ಥಿತಿಗಳಿರುವುದರಿಂದ ಆ ಭರವಸೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಉಳಿದದ್ದಕ್ಕೆ ಟೈಂಔಟ್ (ಕಾಯುವ ಸಮಯಕ್ಕೊಂದು ಮಿತಿ) ಇಟ್ಟು ‘ಗೊತ್ತಿಲ್ಲ’ ಎನ್ನಬೇಕು.

ಐದು ಆಂತರಿಕ ಸ್ಥಿತಿಗಳ, ಎರಡು ಚಿಹ್ನೆಗಳ ಟ್ಯೂರಿಂಗ್ ಯಂತ್ರಗಳನ್ನು ಬಗೆಹರಿಸಿದ್ದು ಹೀಗೆಯೇ: ಹಲವು ಬಗೆಯ ನಿರ್ಣಾಯಕಗಳನ್ನು (ನಿಲ್ಲುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಲು ಯತ್ನಿಸುವ ಪ್ರೋಗ್ರಾಂಗಳನ್ನು) ಒಂದರ ಹಿಂದೊಂದು ಹಾಯಿಸಿ, ‘ಗೊತ್ತಿಲ್ಲ’ ಎಂದು ಉಳಿದವನ್ನು ಬಿಡಿಬಿಡಿಯಾಗಿ ಪರಿಶೀಲಿಸಿ, ಖಾಲಿ ಟೇಪಿನಿಂದ ಹೊರಟು ನಿಲ್ಲುವ ಯಂತ್ರಗಳಲ್ಲಿ ಅತಿ ದೀರ್ಘಕಾಲ ಓಡುವುದು 4,71,76,870 ಹೆಜ್ಜೆಗಳಿಗೆ ನಿಲ್ಲುತ್ತದೆಂದು 2024ರಲ್ಲಿ ಸಾಧಿಸಲಾಯಿತು.