ತಂತಿಯಿಂದ ಸೀಕರ್‌ವರೆಗೆ: ಟ್ಯಾಂಕ್ ನಿರೋಧಕ ಕ್ಷಿಪಣಿಯ ಹಿಂದೆ ಕೂತ ನನ್ನ ಅನುಭವ

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾ ಬೆಳೆದವರು ನಾವು. ಕೋವಿ ಹಿಡಿದವನಿಗೆ ಗುರಿ ಹಿಡಿಯುವುದು, ಉಸಿರು ಬಿಗಿಹಿಡಿಯುವುದು, ಗಾಳಿ ನೋಡುವುದು ಎಲ್ಲವೂ ಟ್ರಿಗರ್ ಒತ್ತುವುದಕ್ಕೆ ಮೊದಲೇ ಮುಗಿದಿರಬೇಕು. ಕವಚದ ವಾಹನಗಳಲ್ಲಿ ಹೋಗಿ ಹೋರಾಡುವ ಪದಾತಿ ದಳವಾದ ಮೆಕನೈಸ್ಡ್ ಇನ್‌ಫೆಂಟ್ರಿ ಸೇರಿ ಟ್ಯಾಂಕ್ ನಿರೋಧಕ ಕ್ಷಿಪಣಿಯ ಗನ್ನರ್ ಆದಾಗ ಈ ಅಭ್ಯಾಸವೇ ತಲೆಕೆಳಗಾಯಿತು. ಅಲ್ಲಿ ಫೈರ್ ಮಾಡಿದ ಮೇಲೆ ಕೆಲಸ ಶುರು.

ಸೇನೆಗೆ ಆಯ್ಕೆಯಾಗಿರುವ ನನ್ನ ತಂಗಿಯ ಮಗ ಮೊನ್ನೆ ಕೇಳಿದ: “ಮಾವ, ಈಗೆಲ್ಲ ಕ್ಷಿಪಣಿಯೇ ಗುರಿ ಹುಡುಕಿಕೊಂಡು ಹೋಗುತ್ತದಲ್ಲ, ಗನ್ನರ್‌ಗೆ ಇನ್ನೇನು ಕೆಲಸ ಉಳಿದಿದೆ?” ಕೆಲಸ ಕಡಿಮೆಯಾಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನನಗೆ ಕಲಿಸಿದ ಉಸ್ತಾದರು, ಅಂದರೆ ತರಬೇತುದಾರರು, ಬಿಎಂಪಿ-1 ಎಂಬ ಪದಾತಿ ಯುದ್ಧವಾಹನದ ಕಾಲದವರು. ಅದರ ಮೇಲಿದ್ದದ್ದು ಸೋವಿಯತ್ ಕ್ಷಿಪಣಿ ಮಲ್ಯೂಟ್ಕಾ. ಅದರಲ್ಲಿ ಎಲ್ಲವೂ ಕೈಯಿಂದಲೇ. ಕ್ಷಿಪಣಿಯ ಬಾಲದಲ್ಲಿ ಉರಿಯುವ ಬೆಳಕನ್ನೂ ದೂರದ ಟ್ಯಾಂಕನ್ನೂ ಒಟ್ಟಿಗೆ ನೋಡುತ್ತಾ, ಒಂದು ಸಣ್ಣ ಜಾಯ್‌ಸ್ಟಿಕ್‌ನಿಂದ ಆ ಬೆಳಕನ್ನು ಟ್ಯಾಂಕಿನ ಮೇಲೆ ತಂದು ಕೂರಿಸಬೇಕು. ಕ್ಷಿಪಣಿ ಹಿಂದೆ ಬಿಚ್ಚಿಕೊಂಡು ಹೋಗುವ ತೆಳ್ಳನೆಯ ತಂತಿಯಲ್ಲಿ ಕೈಯ ಆಜ್ಞೆ ಹೋಗುತ್ತದೆ. ವೇಗ ಸೆಕೆಂಡಿಗೆ ಸುಮಾರು 115 ಮೀಟರ್, ಅಂದರೆ 3 ಕಿ.ಮೀ. ದೂರದ ಟ್ಯಾಂಕ್ ಮುಟ್ಟಲು 25 ಸೆಕೆಂಡಿಗಿಂತ ಹೆಚ್ಚು ಹೊತ್ತು. ಹತ್ತಿರದ 500 ಮೀಟರ್ ಒಳಗೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಅಷ್ಟರೊಳಗೆ ಅದನ್ನು ಹಿಡಿತಕ್ಕೆ ತರುವುದೇ ಆಗದು.

ಅಕ್ಟೋಬರ್ 1973ರಲ್ಲಿ ಸೂಯೆಜ್ ಕಾಲುವೆ ದಾಟಿದ ಈಜಿಪ್ಟಿನ ಪದಾತಿ ಸೈನಿಕರು ಇದೇ ಕ್ಷಿಪಣಿಯನ್ನು ಪೆಟ್ಟಿಗೆಗಳಲ್ಲಿ ಹೊತ್ತು ತಂದು ಇಸ್ರೇಲಿನ ಟ್ಯಾಂಕುಗಳಿಗೆ ಭಾರಿ ಪೆಟ್ಟು ಕೊಟ್ಟರು. ಇಸ್ರೇಲಿಗಳು ಬೇಗ ಉಪಾಯ ಕಂಡುಕೊಂಡರು: ಕ್ಷಿಪಣಿ ಹೊರಟ ದಿಕ್ಕಿಗೆ ಮೆಷಿನ್‌ಗನ್ ಸುರಿಸಿದರೆ ಗನ್ನರ್ ತಲೆ ತಗ್ಗಿಸುತ್ತಾನೆ, ಕೈ ಅಲುಗುತ್ತದೆ, ಕ್ಷಿಪಣಿ ಮಣ್ಣಿಗೆ ಬೀಳುತ್ತದೆ. ಉಡಾವಣೆಯ ಜಾಗದಿಂದ 15 ಮೀಟರ್‌ವರೆಗೆ ಪಕ್ಕಕ್ಕೆ ಸರಿದು ಕೂರುವಷ್ಟು ಕೇಬಲ್ ಕೊಟ್ಟಿದ್ದರ ಬೆಲೆ ಆಗ ಗೊತ್ತಾಗುತ್ತದೆ. ನಮ್ಮ ದೇಶದಲ್ಲೂ ಮೊದಲ ಪೀಳಿಗೆ ಇಂಥದ್ದೇ. 1970ರಲ್ಲಿ ಹುಟ್ಟಿದ ಹೈದರಾಬಾದಿನ ಭಾರತ್ ಡೈನಾಮಿಕ್ಸ್ ಮೊದಲು ತಯಾರಿಸಿದ್ದು ಫ್ರಾನ್ಸಿನ ಎಸ್‌ಎಸ್-11, ಅದೂ ತಂತಿ, ಅದೂ ಕೈಕೆಲಸ.

ನನ್ನ ಸೇವೆಯ ಹೆಚ್ಚಿನ ಭಾಗ ಕಳೆದದ್ದು ಮುಂದಿನ ಪೀಳಿಗೆಯ ಸೋವಿಯತ್ ಕ್ಷಿಪಣಿ ಕೊಂಕುರ್ಸ್ ಜೊತೆಗೆ. ಬಿಎಂಪಿ-2 ವಾಹನದ ಟರೆಟ್ (ತಿರುಗುವ ಗನ್ ಗೋಪುರ) ನೆತ್ತಿಯ ಮೇಲೆ ಕೂರುತ್ತದೆ, ಬೇಕಾದರೆ ಇಳಿಸಿ ಮೂರು ಕಾಲಿನ ಸ್ಟ್ಯಾಂಡ್ ಮೇಲೂ ಇಡಬಹುದು. ಇದನ್ನು ಅರೆ ಸ್ವಯಂಚಾಲಿತ ಅನ್ನುತ್ತಾರೆ. ಗನ್ನರ್ ಕ್ಷಿಪಣಿಯನ್ನು ನೋಡಬೇಕಿಲ್ಲ, ಟ್ಯಾಂಕನ್ನು ಮಾತ್ರ ನೋಡಬೇಕು. ಕ್ಷಿಪಣಿಯ ಬಾಲದ ಇನ್‌ಫ್ರಾರೆಡ್ ದೀಪವನ್ನು ಲಾಂಚರ್‌ನೊಳಗಿನ ಉಪಕರಣ ಹಿಡಿದುಕೊಳ್ಳುತ್ತದೆ. ದೃಷ್ಟಿರೇಖೆಯಿಂದ, ಅಂದರೆ ಗನ್ನರ್‌ನಿಂದ ಗುರಿಗಿರುವ ನೇರ ಗೆರೆಯಿಂದ, ಅದು ಎಷ್ಟು ಎಡಕ್ಕೆ, ಎಷ್ಟು ಕೆಳಕ್ಕೆ ಸರಿದಿದೆ ಎಂದು ಅಳೆದು, ತಿದ್ದುವ ಆಜ್ಞೆಯನ್ನು ತಂತಿಯಲ್ಲಿ ಕಳಿಸುತ್ತದೆ. ಕ್ಷಿಪಣಿ ತಿರುಗುತ್ತಾ ಹಾರುವುದರಿಂದ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳಲು ಅದರೊಳಗೆ ದಿಕ್ಕು ನೆನಪಿಡುವ ಗೈರೋಸ್ಕೋಪ್ ಎಂಬ ಉಪಕರಣ ಬೇಕು.

ಪುಸ್ತಕದಲ್ಲಿ ಓದಿದರೆ ಸುಲಭ. ರಾಜಸ್ಥಾನದ ಮಹಾಜನ್ ಫೈರಿಂಗ್ ರೇಂಜ್‌ನ ಮರಳಲ್ಲಿ ಮೊಣಕೈ ಊರಿ ಮಲಗಿದಾಗ ಬೇರೆ. ಎರಡು ಕೈಯಲ್ಲಿ ಎರಡು ಚಕ್ರ, ಒಂದು ಅಡ್ಡಕ್ಕೆ, ಒಂದು ಮೇಲೆ ಕೆಳಗೆ. ಕಣ್ಣಿಗೆ ಹತ್ತು ಪಟ್ಟು ದೊಡ್ಡದಾಗಿ ಕಾಣುವ ಗುರಿ, ಬಿಸಿಲಿಗೆ ನೀರಿನಂತೆ ಕುಣಿಯುತ್ತಿರುತ್ತದೆ. ಫೈರ್ ಅಂದ ಕ್ಷಣ ಮೊದಲ ಸ್ಫೋಟ ಕ್ಷಿಪಣಿಯನ್ನು ಕೊಳವೆಯಿಂದ ಹೊರಗೆ ತಳ್ಳುತ್ತದೆ, ಸದ್ದು ಎದೆಗೆ ಬಡಿಯುತ್ತದೆ, ಧೂಳು ಕಣ್ಣೆದುರನ್ನು ಮುಚ್ಚುತ್ತದೆ. ಮೋಟಾರ್ ಹೊತ್ತಿಕೊಂಡ ಮೇಲೆ ಕೆಂಪು ಚುಕ್ಕೆಯೊಂದು ದೃಶ್ಯದೊಳಗೆ ನುಗ್ಗಿ ಅತ್ತಿತ್ತ ತೂಗಾಡಿ ನಿಧಾನಕ್ಕೆ ನಡುವಿಗೆ ಬರುತ್ತದೆ. ಆ ಚುಕ್ಕೆಯ ಹಿಂದೆ ಕಣ್ಣು ಹೋಯಿತೋ, ಗುರಿ ಕೈಬಿಟ್ಟಿತು. 4 ಕಿ.ಮೀ.ಗೆ ಸುಮಾರು 20 ಸೆಕೆಂಡು. ಅಷ್ಟು ಹೊತ್ತೂ ದುರ್ಬೀನಿನ ಗುರಿ ಗೆರೆಗಳು, ಅಂದರೆ ಕ್ರಾಸ್‌ವೈರ್, ಟ್ಯಾಂಕಿನ ಮೇಲೇ ಇರಬೇಕು.

ಉಸ್ತಾದ್ ಆದ ಮೇಲೆ ನಾನು ಹುಡುಗರಿಗೆ ಕಲಿಸಿದ್ದು ಮುಖ್ಯವಾಗಿ ಈ 20 ಸೆಕೆಂಡನ್ನೇ. ಸಿಮ್ಯುಲೇಟರ್ ಮೇಲೆ ಕೂತವನ ಬೆನ್ನ ಹಿಂದೆ ಬೇಕೆಂದೇ ತಗಡು ಬಡಿಯುತ್ತಿದ್ದೆ, ಹೆಸರು ಹಿಡಿದು ಕೂಗುತ್ತಿದ್ದೆ. ಚಕ್ರವನ್ನು ಜರ್ಕ್ ಹೊಡೆದು ತಿರುಗಿಸುವವನಿಗಿಂತ, ತುಸು ತಡವಾದರೂ ನಯವಾಗಿ ಹಿಂಬಾಲಿಸುವವನೇ ಒಳ್ಳೆಯ ಗನ್ನರ್ ಆಗುತ್ತಾನೆ. ರೈಫಲ್‌ನಲ್ಲಿ ಚಿನ್ನ ಗೆಲ್ಲುವವನು ಇಲ್ಲಿ ಎಡವಿದ್ದನ್ನೂ, ಕೋವಿ ಸರಿಯಾಗಿ ಹಿಡಿಯಲು ಬಾರದ ಟ್ರಾಕ್ಟರ್ ಡ್ರೈವರ್ ಹುಡುಗ ಮೇಲೆ ಬಂದದ್ದನ್ನೂ ನೋಡಿದ್ದೇನೆ.

ಅಳಿಯನಿಗೆ ಇದನ್ನು ತೋರಿಸಲು ಮಡಿಕೇರಿಯ ರಾಜಾಸೀಟಿಗೆ ಕರೆದುಕೊಂಡು ಹೋದೆ. ಕೆಳಗೆ ಮಂಗಳೂರು ರಸ್ತೆ ಸುತ್ತಿ ಸುತ್ತಿ ಇಳಿಯುವುದು ಕಾಣುತ್ತದೆ. “ಆ ಲಾರಿ ಒಂದು ತಿರುವಿನಿಂದ ಹೊರಬಂದು ಮುಂದಿನ ಮರೆಗೆ ಹೋಗುವ ತನಕ ಎಷ್ಟು ಸೆಕೆಂಡು, ವಾಚ್ ನೋಡು” ಅಂದೆ. ಹೆಚ್ಚಿನವು ಕ್ಷಿಪಣಿ ಅಲ್ಲಿಗೆ ತಲುಪುವ ಮೊದಲೇ ಮರೆಯಾದವು. ದೃಷ್ಟಿರೇಖೆ ನಂಬಿದ ಕ್ಷಿಪಣಿಗೆ ಮೊದಲ ಲೆಕ್ಕ ಇದೇ: ಗುರಿ ಕಾಣುವ ಹೊತ್ತು ಹಾರಾಟದ ಹೊತ್ತಿಗಿಂತ ಹೆಚ್ಚಿರಬೇಕು. ಗನ್ನರ್‌ನ ಜಾಗ ಆರಿಸುವವನು ನಕ್ಷೆಯಲ್ಲಿ ದೂರ ಅಳೆದರೆ ಸಾಲದು. ನಮ್ಮ ಕಾಫಿ ತೋಟದೊಳಗೆ ಸಿಲ್ವರ್ ಓಕ್ ಮತ್ತು ಮೆಣಸಿನ ಬಳ್ಳಿಯ ನಡುವೆ 4 ಕಿ.ಮೀ. ವ್ಯಾಪ್ತಿ ಇದ್ದೂ ಪ್ರಯೋಜನವಿಲ್ಲ.

ತಂತಿಗೆ ಅದರದ್ದೇ ತಾಪತ್ರಯ. ಅಗಲವಾದ ನೀರಿನ ಮೇಲೆ ಹಾರಿಸಿದರೆ ತಂತಿ ಜೋತು ನೀರು ಮುಟ್ಟಿ ಆಜ್ಞೆ ಕೆಡುತ್ತದೆ. ವಿದ್ಯುತ್ ಲೈನ್ ಅಡ್ಡ ಇದ್ದರೆ ಗನ್ನರ್‌ಗೂ ಅಪಾಯ. ಪೊದೆ, ಮರದ ಕೊಂಬೆಗೆ ಸಿಕ್ಕಿದರೂ ಕಥೆ ಮುಗಿಯಿತು. ಇನ್ನೊಂದು ಕಡೆ ಶತ್ರುವೂ ಸುಮ್ಮನಿರುವುದಿಲ್ಲ. ರಷ್ಯಾದ ಷ್ಟೋರಾದಂಥ ವ್ಯವಸ್ಥೆ ಟ್ಯಾಂಕಿನ ಮೇಲಿಂದ ಇನ್‌ಫ್ರಾರೆಡ್ ಬೆಳಕು ಚೆಲ್ಲಿ, ಲಾಂಚರ್‌ಗೆ ಅದೇ ಕ್ಷಿಪಣಿಯ ದೀಪ ಎಂಬ ಭ್ರಮೆ ಹುಟ್ಟಿಸುತ್ತದೆ.

ಇದಕ್ಕೆ ಒಂದು ಉತ್ತರ ಲೇಸರ್ ಕಿರಣ. ಟಿ-90 ಟ್ಯಾಂಕಿನ 125 ಮಿ.ಮೀ. ಗನ್ನಿನಿಂದಲೇ ಹೊರಡುವ ಇನ್ವಾರ್ ಕ್ಷಿಪಣಿ 5 ಕಿ.ಮೀ.ವರೆಗೆ ಹೀಗೆ ಹೋಗುತ್ತದೆ. ಕಿರಣ ಗುರಿಯ ಕಡೆಗಿರುತ್ತದೆ, ಕ್ಷಿಪಣಿಯ ಬಾಲದಲ್ಲಿ ಅದನ್ನು ಓದುವ ಕಣ್ಣು. ಕಿರಣದ ನಡುವಿನಿಂದ ತಾನೆಷ್ಟು ಸರಿದಿದ್ದೇನೆ ಎಂದು ತಾನೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ. ತಂತಿ ಇಲ್ಲ, ಕಣ್ಣು ಹಿಂದಕ್ಕೆ ನೋಡುವುದರಿಂದ ಟ್ಯಾಂಕಿನ ಕಡೆಯಿಂದ ದಾರಿ ತಪ್ಪಿಸುವುದೂ ಕಷ್ಟ. ಆದರೂ ಕೊನೆಯ ತನಕ ಗುರಿಯ ಮೇಲೆ ಕಣ್ಣಿಡುವ ಕೆಲಸ ತಪ್ಪಲಿಲ್ಲ.

ತಾನೇ ಗುರಿ ಹುಡುಕಿಕೊಂಡು ಹೋಗುವ ಕ್ಷಿಪಣಿ ಎಂದು ಅಳಿಯ ಕೇಳಿದ್ದು ನಮ್ಮ ದೇಶದ್ದೇ ಆದ ನಾಗ್ ಬಗ್ಗೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ 1983ರ ಕ್ಷಿಪಣಿ ಯೋಜನೆಯಲ್ಲಿ ಹುಟ್ಟಿದ ಇದರ ಮೂತಿಯಲ್ಲೇ ಶಾಖದ ಚಿತ್ರ ತೆಗೆದು ಗುರಿ ಹುಡುಕುವ ಕಣ್ಣು, ಅಂದರೆ ಸೀಕರ್ ಇದೆ. ಹಾರಿಸುವ ಮೊದಲೇ ಗುರಿಯ ಚಿತ್ರವನ್ನು ಲಾಕ್ ಮಾಡಬೇಕು. ಆಮೇಲೆ ಕ್ಷಿಪಣಿ ತಾನೇ ಹೋಗಿ, ರಕ್ಷಾಕವಚ ತೆಳುವಾಗಿರುವ ನೆತ್ತಿಯ ಮೇಲೆ ಎರಗಬಲ್ಲದು. ಅದನ್ನು ಹೊರುವ ನಾಮಿಕಾ ವಾಹನ ಫೈರ್ ಮಾಡಿದ ಕೂಡಲೇ ಜಾಗ ಬಿಡಬಹುದು. ಮಲ್ಯೂಟ್ಕಾ ಗನ್ನರುಗಳ ಕಥೆ ಗೊತ್ತಿದ್ದವರಿಗೆ ಈ ಒಂದು ಮಾತು ಎಷ್ಟು ಜೀವಗಳ ಪ್ರಶ್ನೆ ಎಂದು ತಿಳಿಯುತ್ತದೆ.

ಇಲ್ಲಿ ಗನ್ನರ್‌ನ ಪರೀಕ್ಷೆ ಉಡಾವಣೆಗೆ ಮೊದಲೇ. ಸೀಕರ್ ನೋಡುವುದು ಬಣ್ಣ, ಆಕಾರಕ್ಕಿಂತ ಶಾಖದ ವ್ಯತ್ಯಾಸವನ್ನು. ಬೆಳಿಗ್ಗೆ ಮತ್ತು ಸಂಜೆ ಒಂದು ಹೊತ್ತಿನಲ್ಲಿ ಉಕ್ಕೂ ನೆಲವೂ ಒಂದೇ ಬಿಸಿಗೆ ಬರುತ್ತವೆ, ಆಗ ಟ್ಯಾಂಕ್ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಮೇ ತಿಂಗಳ ಥಾರ್ ಮರುಭೂಮಿಯಲ್ಲಿ ಕಾದ ಮರಳೇ ದೊಡ್ಡ ತೊಡಕು. ನಾಗ್‌ನ ಸೀಕರ್ ಸುಧಾರಿಸಲು ವರ್ಷಗಳು ಹಿಡಿದದ್ದಕ್ಕೆ ಈ ಬಿಸಿ ಒಂದು ಮುಖ್ಯ ಕಾರಣ. ಅಂತಿಮ ಪ್ರಯೋಗ ಪೋಖ್ರಾನ್‌ನಲ್ಲಿ ನಡೆದದ್ದು ಅಕ್ಟೋಬರ್ 2020ರಲ್ಲಿ. ನಮ್ಮ ಆಷಾಢದ ಮಂಜು ಮಳೆಯಲ್ಲಿ ಬರಿಗಣ್ಣಿಗಿಂತ ಈ ಶಾಖ ನೋಡುವ ಕ್ಯಾಮೆರಾ ಚೆನ್ನಾಗಿ ನೋಡುತ್ತದೆ ನಿಜ, ಆದರೆ ದಟ್ಟ ಮಂಜು ಅದರ ದೃಷ್ಟಿಯನ್ನೂ ಮೊಟಕು ಮಾಡುತ್ತದೆ. ಯಾವ ಹೊತ್ತಿಗೆ ಲಾಕ್ ನಂಬಬೇಕು, ಉರಿಯುತ್ತಿರುವ ಹಳೆಯ ವಾಹನ ಯಾವುದು, ಜೀವಂತ ಟ್ಯಾಂಕ್ ಯಾವುದು ಎಂದು ತೀರ್ಮಾನಿಸುವುದು ಮನುಷ್ಯನೇ.

ಇಸ್ರೇಲಿನ ಸ್ಪೈಕ್ ಕ್ಷಿಪಣಿ ಬಂದ ಮೇಲೆ ತಂತಿ ಬೇರೆ ರೂಪದಲ್ಲಿ ಮರಳಿತು. ಈ ಸಲ ಅದು ಬೆಳಕಿನಲ್ಲಿ ಸಂದೇಶ ಸಾಗಿಸುವ ಗಾಜಿನ ಎಳೆ, ಆಪ್ಟಿಕಲ್ ಫೈಬರ್. ಕ್ಷಿಪಣಿಯ ಕ್ಯಾಮೆರಾ ಕಂಡದ್ದು ಗನ್ನರ್‌ನ ಪರದೆಗೆ ಬರುತ್ತದೆ, ಹಾರಾಟದ ನಡುವೆಯೇ ಗುರಿ ಬದಲಿಸಬಹುದು, ತಪ್ಪು ಗುರಿ ಎನಿಸಿದರೆ ಪಕ್ಕಕ್ಕೆ ತಿರುಗಿಸಬಹುದು. ಗುಡ್ಡದ ಮರೆಯಲ್ಲಿ ಕೂತು ಆಚೆ ಬದಿಯ ಟ್ಯಾಂಕನ್ನು ಹೊಡೆಯಬಹುದಾದ್ದರಿಂದ ರಾಜಾಸೀಟಿನ ಲಾರಿ ಲೆಕ್ಕವೂ ಇಲ್ಲಿ ಬದಲಾಗುತ್ತದೆ. ಅಳಿಯನಿಗೆ ಇದೇ ಹೆಚ್ಚು ಹಿಡಿಸಿತು. ಮೊದಲು ಸ್ಟ್ಯಾಂಡ್ ಮೇಲೆ ಕೂತು ನಿಧಾನಕ್ಕೆ ಓಡುವ ಗುರಿಯೊಂದನ್ನು 20 ಸೆಕೆಂಡು ಬಿಡದೆ ಹಿಂಬಾಲಿಸುವುದನ್ನು ಕಲಿ, ಪರದೆ ಆಮೇಲೆ ಎಂದು ಅವನಿಗೆ ಹೇಳಿದ್ದೇನೆ.