ಸವಳು ಗದ್ದೆ: ಜಿಪ್ಸಂ ಚೀಲ ಬಿಚ್ಚುವ ಮೊದಲು

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ–ಸಿಂಧನೂರು ಕಡೆ, ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗುವ ಹೊಲಗಳಿವೆ. ಅದು ಉಪ್ಪು. ಲಘು ನೀರಾವರಿ ಬೆಳೆಗೆಂದು ಲೆಕ್ಕ ಹಾಕಿದ ಕಾಲುವೆಯಲ್ಲಿ ವರ್ಷಕ್ಕೆ ಎರಡು ಭತ್ತ ತೆಗೆದರೆ ಎರೆಮಣ್ಣಿನಲ್ಲಿ ನೀರು ಬಸಿಯುವುದಿಲ್ಲ. ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ.

ಸವಳು ಕಂಡ ತಕ್ಷಣ ಜಿಪ್ಸಂ (ಮಣ್ಣಿಗಂಟಿದ ಸೋಡಿಯಂ ಬಿಡಿಸುವ ಕ್ಯಾಲ್ಸಿಯಂ ಖನಿಜ) ಸುರಿಯುವುದು ನಮ್ಮಲ್ಲಿ ರೂಢಿ. ಎಷ್ಟೋ ಸಲ ಅದು ದಂಡ. ಮೊದಲು ಮಣ್ಣಿನ ಜಾತಿ ತಿಳಿಯಿರಿ. ಗಾಜಿನ ಬಾಟಲಿಗೆ ಒಂದು ಹಿಡಿ ಮಣ್ಣು ಹಾಕಿ, ಮಳೆನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. (ಬೋರ್ ನೀರು ಬೇಡ, ಅದರಲ್ಲಿರುವ ಉಪ್ಪೇ ಜಿಗುಟು ಮಣ್ಣನ್ನು ಕೂರಿಸಿ ಮೋಸ ಮಾಡುತ್ತದೆ.) ಕೆಲವು ಗಂಟೆಯಲ್ಲಿ ನೀರು ತಿಳಿಯಾದರೆ ಬರೀ ಉಪ್ಪಿನ ಭೂಮಿ ಇರಬಹುದು. ಮರುದಿನವೂ ಬಗ್ಗಡವಾಗಿಯೇ ಇದ್ದರೆ ಸೋಡಿಯಂ ಹಿಡಿದಿದೆ.

ಇದು ಅಂದಾಜು ಮಾತ್ರ. ಖಚಿತಪಡಿಸಲು 0–15, 15–30, 30–60 ಸೆಂ.ಮೀ. ಆಳದ ಮಣ್ಣನ್ನು ಬೇರೆಬೇರೆ ಬಟ್ಟೆ ಚೀಲದಲ್ಲಿ ಅರ್ಧರ್ಧ ಕೆ.ಜಿ. ಲ್ಯಾಬಿಗೆ ಕೊಡಿ. ಮಣ್ಣು ತುಂಬಲು ಗೊಬ್ಬರದ ಖಾಲಿ ಚೀಲ ಬೇಡ. ಇ.ಸಿ. (ಮಣ್ಣಿನ ಉಪ್ಪಿನ ಅಳತೆ) 4 dS/m ದಾಟಿ ಪಿ.ಎಚ್. (ಹುಳಿ-ಕ್ಷಾರದ ಅಳತೆ) 8.5ರ ಒಳಗಿದ್ದರೆ ಸಾಮಾನ್ಯವಾಗಿ ಉಪ್ಪಿನ ಭೂಮಿ, ಪಿ.ಎಚ್. 8.5 ಮೀರಿದ್ದರೆ ಕ್ಷಾರ, ಅಂದರೆ ಸೋಡಿಯಂ ಹಿಡಿದ ಭೂಮಿ.

ಎರಡಕ್ಕೂ ಬಸಿಗಾಲುವೆ ಮೊದಲು. ಹೊಲದ ತಗ್ಗಿನ ಅಂಚಿನಲ್ಲಿ ಸುಮಾರು ಒಂದು ಮೀಟರ್ ಆಳ ತೋಡಿ, ನೀರು ಹಳ್ಳ ಸೇರುವಂತೆ ಮಾಡಿ. ಪಕ್ಕದವರ ಗದ್ದೆಗೆ ಬಿಟ್ಟರೆ ನಿಮ್ಮ ಉಪ್ಪು ಅವರದಾಗುತ್ತದೆ, ಜಗಳವೂ ಉಚಿತ.

ಉಪ್ಪಿನ ಭೂಮಿಗೆ ಮಟ್ಟ ಮಾಡಿ, ಬದು ಕಟ್ಟಿ, ಒಳ್ಳೆಯ ನೀರು ನಿಲ್ಲಿಸಿ ಬಸಿಯಲು ಬಿಡಿ. ಒಂದಡಿ ನೀರು ಪೂರ್ತಿ ಇಳಿದರೆ ಮೇಲಿನ ಒಂದಡಿ ಮಣ್ಣಿನ ಉಪ್ಪು ಸುಮಾರು ಶೇ. 80 ತೊಳೆದುಹೋಗುತ್ತದೆ. ಕ್ಷಾರ ಭೂಮಿಯಲ್ಲಿ ಇದೇ ಕೆಲಸ ಜಿಪ್ಸಂ ಇಲ್ಲದೆ ಮಾಡಿದರೆ ಉಪ್ಪು ಹೋಗಿ ಸೋಡಿಯಂ ಉಳಿಯುತ್ತದೆ, ಮಣ್ಣು ಕೆಸರಾಗಿ ಮುಚ್ಚಿಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ. ಅಲ್ಲಿ ಲ್ಯಾಬು ಹೇಳಿದಷ್ಟು ಜಿಪ್ಸಂ ಪುಡಿಯನ್ನು ಮೇಲಿನ 10 ಸೆಂ.ಮೀ.ನಲ್ಲಷ್ಟೇ ಬೆರೆಸಿ, ಆಮೇಲೆ ನೀರು ನಿಲ್ಲಿಸಿ. ಆಳಕ್ಕೆ ಉತ್ತರೆ ಜಿಪ್ಸಂ ಚದುರಿ ಮೇಲ್ಪದರಕ್ಕೆ ಸಾಲದು.

ನಂತರ ಎಕರೆಗೆ 20 ಕೆ.ಜಿ. ಡಯಂಚಾ (ಹಸಿರೆಲೆ ಗೊಬ್ಬರದ ಬೆಳೆ) ಬಿತ್ತಿ, 45 ದಿನಕ್ಕೆ, ಕಾಂಡ ಗಟ್ಟಿಯಾಗುವ ಮುಂಚೆ, ಮಣ್ಣಿಗೆ ಸೇರಿಸಿ. ಭತ್ತದ ನಾಟಿಗೆ ಎಳೆಯ ಸಸಿ ಬೇಡ; ಬಲಿತದ್ದನ್ನು ಗುಣಿಗೆ ನಾಲ್ಕೈದರಂತೆ ಹಚ್ಚಿ, ಒಂದೆರಡು ಸತ್ತರೂ ಗುಣಿ ಖಾಲಿಯಾಗದು.