ಆಯಿಲ್ ಪ್ಯಾನ್ ಸೋರುತ್ತಿದೆಯೇ? ಬಿಚ್ಚುವ ಮೊದಲು ಒರೆಸಿ ನೋಡಿ

ಬೆಳಿಗ್ಗೆ ಕಾರು ತೆಗೆದರೆ ನೆಲದ ಮೇಲೆ ಅಂಗೈಯಗಲ ಕಪ್ಪು ಕಲೆ. ಬಗ್ಗಿ ನೋಡಿದರೆ ಆಯಿಲ್ ಪ್ಯಾನ್ ಅಂಚಿನಲ್ಲಿ ಒಂದು ಹನಿ ಜೋತಾಡುತ್ತಿದೆ. ಮೆಕ್ಯಾನಿಕ್‌ಗಳು ಚೇಂಬರ್ ಅನ್ನುವುದು ಇದನ್ನೇ. ‘ಚೇಂಬರ್ ಹೋಗಿದೆ, ಹೊಸದು ಹಾಕಿಸಬೇಕು’ ಎಂದು ಅಲ್ಲೇ ತೀರ್ಮಾನಿಸಬೇಡಿ. ಆಯಿಲ್ ಪ್ಯಾನ್ ಅಂದರೆ ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ. ಮೇಲೆ ಎಲ್ಲಿ ಸೋರಿದರೂ ಆಯಿಲ್ ಇಳಿದು ಬಂದು ನಿಲ್ಲುವುದು ಅಲ್ಲೇ ಅಲ್ವಾ? ವಾಲ್ವ್ ಕವರ್, ಆಯಿಲ್ ಫಿಲ್ಟರ್, ಪ್ರೆಶರ್ ಸ್ವಿಚ್, ಕ್ರ್ಯಾಂಕ್ ಸೀಲ್ (ತಿರುಗುವ ಕ್ರ್ಯಾಂಕ್ ದಂಡದ ಸುತ್ತ ಆಯಿಲ್ ತಡೆಯುವ ಉಂಗುರ), ಯಾವುದರ ತಪ್ಪಾದರೂ ಪೆಟ್ಟು ಪ್ಯಾನ್‌ಗೆ.

ಹಾಗಾಗಿ ಮೊದಲ ಕೆಲಸ ಒರೆಸುವುದು. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರವ) ಹಾಕಿ ಪ್ಯಾನ್, ಅದರ ಅಂಚು, ಫಿಲ್ಟರ್ ಸುತ್ತಮುತ್ತ ಎಲ್ಲ ಉಜ್ಜಿ ಒಣಗಿಸಿ. ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ, ಒಂದು ಸುತ್ತು ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಆಯಿಲ್ ನಡೆದ ದಾರಿ ಗೆರೆಯಾಗಿ ಕಾಣುತ್ತದೆ. ಗೆರೆ ಮೇಲಿನಿಂದ ಇಳಿದಿದ್ದರೆ ಪ್ಯಾನ್ ಮುಟ್ಟಬೇಡಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಸಂದಿಯಿಂದ ತೊಟ್ಟಿಕ್ಕುತ್ತಿದ್ದರೆ ಹಿಂದಿನ ಕ್ರ್ಯಾಂಕ್ ಸೀಲ್ ಮೇಲೆ ಅನುಮಾನ ಪಡಬೇಕು. ಅದು ಬೇರೆಯೇ ಕೆಲಸ, ಇದಕ್ಕಿಂತ ದೊಡ್ಡದು.

ಪ್ಯಾನ್‌ನಿಂದಲೇ ಸೋರುತ್ತಿದೆ ಅಂತ ಖಾತ್ರಿಯಾದರೂ ಪ್ಯಾನ್ ಬದಲಿಸಲೇಬೇಕು ಅಂತಿಲ್ಲ. ಆಯಿಲ್ ಬಸಿಯಲು ತೆಗೆಯುವ ಡ್ರೈನ್ ಪ್ಲಗ್ ಹತ್ತಿರ ಮಾತ್ರ ಒದ್ದೆಯಾಗಿದ್ದರೆ ಹೊಸ ವಾಷರ್ ಸಾಕಾಗಬಹುದು. ಅಂಚಿನ ಸುತ್ತ ಜಿನುಗುತ್ತಿದ್ದರೆ ಪ್ಯಾನ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್ ಹೋಗಿದೆ. ಪ್ಲಗ್ ಕೂರುವ ತೂತಿನ ಥ್ರೆಡ್ ಸವೆದಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿ ಉಳಿಸಬಹುದು. ಪ್ಯಾನ್ ಬಿರುಕು ಬಿಟ್ಟಿದ್ದರೆ, ತುಕ್ಕು ತಿಂದು ತೂತಾಗಿದ್ದರೆ, ಕಲ್ಲಿಗೆ ಬಡಿದು ಒಳಕ್ಕೆ ತಗ್ಗಿದ್ದರೆ ಆಗ ಹೊಸದೇ ಬೇಕು. ತಗ್ಗನ್ನು ಹಗುರವಾಗಿ ಎಣಿಸಬೇಡಿ. ಆಯಿಲ್ ಹೀರುವ ಪಿಕಪ್ ಪೈಪಿನ ಬಾಯಿ ಪ್ಯಾನ್ ತಳಕ್ಕೆ ತೀರಾ ಹತ್ತಿರ ಇರುತ್ತದೆ. ತಳ ಮೇಲೆದ್ದು ಆ ಬಾಯಿಗೆ ಅಡ್ಡ ಬಂದರೆ ಎಂಜಿನ್‌ಗೆ ಆಯಿಲ್ ಸಾಲದೆ ಬೇರಿಂಗ್‌ಗಳು ಸುಡುತ್ತವೆ.

ಬಿಡಿಭಾಗ ಹುಡುಕುವಾಗ

ಅಂಗಡಿಯಲ್ಲಿ ಕಾರಿನ ಹೆಸರು, ವರ್ಷ ಹೇಳಿ ಪ್ಯಾನ್ ಕೇಳಬೇಡಿ. ನಾನು ಒಮ್ಮೆ ಹಾಗೆ ಕೇಳಿ ತಂದೆ. ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟಾಗ ಬೋಲ್ಟ್ ತೂತುಗಳೆಲ್ಲ ಸರಿಯಾಗಿ ಕೂತವು, ಆದರೆ ಆಯಿಲ್ ಲೆವೆಲ್ ಸೆನ್ಸರ್ ಕೂರುವ ತೂತೇ ಇರಲಿಲ್ಲ. ಆಯಿಲ್ ಎಲ್ಲ ಬಸಿದಾಗಿತ್ತು. ಕಾರು ನಾಲ್ಕು ದಿನ ಸ್ಟ್ಯಾಂಡ್ ಮೇಲೆ ಕೂತಿತು. ಒಂದೇ ಮಾಡೆಲ್‌ಗೆ ಎಂಜಿನ್ ಬೇರೆಯಾದರೆ, ಟರ್ಬೊ ಇದ್ದರೆ, ನಾಲ್ಕೂ ಚಕ್ರಕ್ಕೆ ಡ್ರೈವ್ ಇದ್ದರೆ ಪ್ಯಾನ್ ಬೇರೆ ಬೇರೆ ಇರುತ್ತದೆ. 17 ಅಕ್ಷರ-ಅಂಕಿಗಳ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಮತ್ತು ಎಂಜಿನ್ ಕೋಡ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಳೆಯದರ ಫೋಟೊ ಜೊತೆಗಿರಲಿ.

ಕಂಪನಿಯದೇ ಪ್ಯಾನ್ ಸಿಕ್ಕರೆ ಒಳ್ಳೆಯದು. ಹೊರಗಿನ ತಯಾರಿಕೆಯದಾದರೆ ಗಾಜಿನ ಮೇಲೆ ಬೋರಲು ಹಾಕಿ ನೋಡಿ. ಅಂಚು ಎಲ್ಲೂ ಎದ್ದಿರಬಾರದು. ಸೆಕೆಂಡ್ ಹ್ಯಾಂಡ್ ಆದರೆ ಡ್ರೈನ್ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಹಾಕಿ ನೋಡಿ. ಅಲ್ಯೂಮಿನಿಯಂ ಪ್ಯಾನ್‌ನಲ್ಲಿ ಮೊದಲು ಹಾಳಾಗುವುದು ಆ ಥ್ರೆಡ್. ಜೊತೆಗೆ ಗ್ಯಾಸ್ಕೆಟ್ ಅಥವಾ ಕಂಪನಿ ಹೇಳಿದ ಸಿಲಿಕಾನ್ ಸೀಲಂಟ್, ಪ್ಲಗ್ ವಾಷರ್, ಪಿಕಪ್ ಪೈಪಿನ ಓ-ರಿಂಗ್, ಫಿಲ್ಟರ್, ಹೊಸ ಆಯಿಲ್ ತಂದಿಟ್ಟುಕೊಳ್ಳಿ. ಎಲ್ಲ ಕೈಗೆ ಬರುವವರೆಗೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ.

ಬಿಚ್ಚುವುದು

ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಲ್ಲು, ಎರಡು ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಪ್ಯಾನ್‌ಗೇ ಜಾಕ್ ಕೊಟ್ಟು ಎತ್ತುವುದೂ ಬೇಡ. ಎಷ್ಟೋ ಪ್ಯಾನ್‌ಗಳು ತಗ್ಗಾಗುವುದು ಹಾಗೆಯೇ. ಎಂಜಿನ್ ಉಗುರುಬೆಚ್ಚಗಿರುವಾಗ ಆಯಿಲ್ ಬಸಿಯಿರಿ. ಕೆಲವು ಕಾರುಗಳಲ್ಲಿ ಸೈಲೆನ್ಸರ್ ಪೈಪ್ ಅಥವಾ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಚೌಕಟ್ಟು) ಅಡ್ಡ ಬರುತ್ತದೆ. ಸಬ್‌ಫ್ರೇಮ್ ಇಳಿಸಿ ಎಂಜಿನ್ ಎತ್ತಿ ಹಿಡಿಯಬೇಕಾದರೆ ಗ್ಯಾರೇಜ್‌ಗೆ ಬಿಡುವುದೇ ಸರಿ.

ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಪ್ಯಾನ್ ಆಕಾರ ಗೀಚಿ, ತೆಗೆದ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ಬ್ಲಾಕ್ (ಪ್ಯಾನ್ ಕೂರುವ ಎಂಜಿನ್‌ನ ಮುಖ್ಯ ಭಾಗ) ಬಿರುಕು ಬಿಡಬಹುದು. ಹಳೆ ಸಿಲಿಕಾನ್ ಗಟ್ಟಿಯಾಗಿ ಹಿಡಿದಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಸೀಲ್ ಕಟ್ಟರ್ ಬಳಸಿ ನಿಧಾನಕ್ಕೆ ಬಿಡಿಸಿ.

ಇಳಿದ ಪ್ಯಾನ್‌ನ ತಳದಲ್ಲಿ ಬೆರಳಾಡಿಸಿ. ನುಣ್ಣನೆಯ ಕಪ್ಪು ಕೆಸರು ಸಾಮಾನ್ಯ. ಹೊಳೆಯುವ ಲೋಹದ ಚೂರುಗಳು ಸಿಕ್ಕರೆ ಪ್ಯಾನ್ ಹಾಕುವ ಮುಂಚೆ ಎಂಜಿನ್ ತೋರಿಸಬೇಕು. ಪಿಕಪ್ ಜಾಲರಿ ತೊಳೆದು ಓ-ರಿಂಗ್ ಬದಲಿಸುವುದಕ್ಕೂ ಇದೇ ಸಮಯ.

ಇಲ್ಲಿ ಮಾತ್ರ ಆತುರ ಬೇಡ

ಹೊಸ ಪ್ಯಾನ್ ವಾರದೊಳಗೆ ಮತ್ತೆ ಸೋರಿತು ಅನ್ನುವವರ ಕಾರು ನೋಡಿದರೆ, ಹೆಚ್ಚಿನ ಸಲ ತಪ್ಪು ಸಿಗುವುದು ಬ್ಲಾಕ್ ಅಂಚಿನಲ್ಲಿ. ಅಲ್ಲಿ ಹಳೆ ಸಿಲಿಕಾನ್‌ನ ಉಗುರಿನಷ್ಟು ಪದರ ಉಳಿದಿರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ತಿರುಗುವ ಉಜ್ಜುವ ಡಿಸ್ಕ್ ಬೇಡ, ಅದರ ಪುಡಿ ಒಳಗೆ ಸೇರಿದರೆ ಬೇರಿಂಗ್ ತಿನ್ನುತ್ತದೆ. ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಡಿ. ಮೇಲಿನಿಂದ ಆಯಿಲ್ ಹನಿ ಮತ್ತೆ ಇಳಿದಿರುತ್ತದೆ. ಮತ್ತೆ ಒರೆಸಿ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬೇಜಾರಿಲ್ಲದೆ ಮಾಡಿ. ಬೋಲ್ಟ್ ತೂತುಗಳ ಒಳಗಿನ ಆಯಿಲ್ ಕೂಡ ತೆಗೆಯಿರಿ.

ಸಿಲಿಕಾನ್ ಎಳೆ ಸುಮಾರು 3 ಮಿಲಿಮೀಟರ್ ದಪ್ಪ, ಬೋಲ್ಟ್ ತೂತುಗಳ ಒಳಬದಿಯಿಂದ, ಎಲ್ಲೂ ತುಂಡಾಗದಂತೆ ಬರಲಿ. ಜಾಸ್ತಿ ಹಾಕಿದರೆ ಭದ್ರ ಅನ್ನುವುದು ತಪ್ಪು. ಹೆಚ್ಚಾದದ್ದು ಒಳಕ್ಕೆ ಹಿಂಡಿ, ಕಿತ್ತು ಬಂದು ಪಿಕಪ್ ಜಾಲರಿಗೆ ಅಂಟಿಕೊಳ್ಳುತ್ತದೆ. ರಬ್ಬರ್ ಗ್ಯಾಸ್ಕೆಟ್ ಇದ್ದರೆ ಸಿಲಿಕಾನ್ ಬಳಿಯಬೇಡಿ. ಟೈಮಿಂಗ್ ಕವರ್ ಬ್ಲಾಕ್‌ಗೆ ಸೇರುವ ಮೂಲೆಗಳಲ್ಲಿ ಮಾತ್ರ ಒಂದೊಂದು ಚುಕ್ಕೆ ಬೇಕಾಗಬಹುದು. ಮ್ಯಾನ್ಯುವಲ್ ನೋಡಿ.

ಪ್ಯಾನನ್ನು ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಜಾರಿಸದೆ ಕೂರಿಸಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹಿಡಿಸಿ. ಆಮೇಲೆ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಮಾಡಿ. ಸಣ್ಣ ಎಂ6 ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಸರಿಯಾದ ಲೆಕ್ಕ ಮ್ಯಾನ್ಯುವಲ್‌ನಲ್ಲಿದೆ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ತೋಳಿನ ಬಲ ನಂಬಿದರೆ ಥ್ರೆಡ್ ಕಿತ್ತು ಬರುತ್ತದೆ.

ಸಿಲಿಕಾನ್ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಹಲವು ಬಗೆಯವಕ್ಕೆ ಪೂರ್ತಿ ಒಣಗಲು 24 ಗಂಟೆ ಬೇಕು. ನಂತರ ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ, ಡಿಪ್‌ಸ್ಟಿಕ್ ನೋಡಿ ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಆರಿದರೆ ಎಂಜಿನ್ ಬಿಸಿಯಾಗುವವರೆಗೆ ಓಡಲಿ, ಕೆಳಗೆ ಟಾರ್ಚ್ ಹಾಯಿಸಿ ನೋಡಿ, ನಿಲ್ಲಿಸಿ ಮತ್ತೊಮ್ಮೆ ಆಯಿಲ್ ಅಳೆಯಿರಿ. 100 ಕಿಲೋಮೀಟರ್ ಓಡಿದ ಮೇಲೆ ಅಂಚನ್ನು ಇನ್ನೊಂದು ಸಲ ಮುಟ್ಟಿ ನೋಡಿ. ಆದರೆ ಸಿಲಿಕಾನ್ ಒಣಗಿದ ಮೇಲೆ ಸುಮ್ನೆ ಬೋಲ್ಟ್ ಬಿಗಿಮಾಡಲು ಹೋಗಬೇಡಿ, ಕೂತ ಸೀಲ್ ಅಲ್ಲೇ ಬಿಟ್ಟುಕೊಳ್ಳುತ್ತದೆ.

ಬಸಿದ ಆಯಿಲ್ ಮುಚ್ಚಳವಿರುವ ಡಬ್ಬಿಗೆ ಹೋಗಲಿ. ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜ್‌ಗೆ ಕೊಡಿ, ಚರಂಡಿಗೆ ಸುರಿಯಬೇಡಿ.